ಗುಪ್ತ ಆಜ್ಞೆಯೂ ಗುಪ್ತ ಮಾರ್ಗವೂ

ಸಾಮಾಜಿಕ ಜಾಲತಾಣಗಳಲ್ಲಿ ಸರಕಾರವು ಮುಚ್ಚಿಸಿದ ಬರಹಗಳನ್ನು ಟಾರ್ ಎಂಬ ಅನಾಮಧೇಯ ಜಾಲದ ಮೂಲಕವಾಗಲಿ, ವಿ.ಪಿ.ಎನ್. ಎಂಬ ಸಾಧನದ ಮೂಲಕವಾಗಲಿ ತೆರೆದು ಓದುವವರು ಇದ್ದಾರೆ. ಇದು ರಾಜದ್ರೋಹಕ್ಕೆ ಸಮಾನವೆಂದು ಕೆಲವರು ಬಗೆಯುತ್ತಾರೆ. ಸ್ವಾತಂತ್ರ್ಯಕ್ಕೆ ಇದೊಂದೇ ದಾರಿಯೆಂದು ಕೆಲವರು ಹೊಗಳುತ್ತಾರೆ. ಎರಡೂ ಅತಿರೇಕದ ಮಾತುಗಳು. ಗುಪ್ತ ಮಾರ್ಗದಲ್ಲಿ ನಡೆಯುವವನನ್ನು ದೂಷಿಸುವ ಮೊದಲು, ಅವನನ್ನು ಆ ಮಾರ್ಗಕ್ಕೆ ತಳ್ಳಿದ ಗುಪ್ತ ಆಜ್ಞೆಯನ್ನು ವಿಚಾರಣೆಗೆ ಗುರಿಮಾಡಬೇಕೆಂಬುದು ನಮ್ಮ ಮತವಾಗಿದೆ.

ಬಳ್ಳಾರಿಯ ಜನರಿಗೆ ಈ ಪ್ರಶ್ನೆಯು ಹೊಸದಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ದಂಡು ಬಂದು ನೆಲೆಸಿತು. ಕಂಟೋನ್ಮೆಂಟ್ ಎಂಬ ಹೆಸರು ಆ ಕಾಲದ ಗುರುತಾಗಿ ಇಂದಿಗೂ ಉಳಿದಿರುವದು. 1921ರ ಮಲಬಾರ ದಂಗೆಯ ಕೈದಿಗಳನ್ನೂ, ತರುವಾಯ ಸ್ವಾತಂತ್ರ್ಯ ಚಳವಳಿಯ ರಾಜಬಂದಿಗಳನ್ನೂ ಇಲ್ಲಿಯ ಅಲ್ಲೀಪುರ ಜೈಲಿನಲ್ಲಿ ಕೂಡಿಹಾಕಿದರು. ಕೈದಿಯ ಕಾಗದವನ್ನು ಜೈಲಿನ ಅಧಿಕಾರಿಯು ಓದಿ ನೋಡಿದ ಹೊರತು ಅದು ಗೋಡೆಯನ್ನು ದಾಟುತ್ತಿರಲಿಲ್ಲ. ಗೋಡೆಯ ಹೊರಗಿದ್ದವರ ಸ್ಥಿತಿಯೂ ಬಹಳ ಭಿನ್ನವಾಗಿರಲಿಲ್ಲ. 1878ರಲ್ಲಿ ಲಾರ್ಡ್ ಲಿಟ್ಟನ್ನರು ದೇಶಭಾಷೆಯ ಪತ್ರಿಕೆಗಳಿಗೆ ಕಡಿವಾಣ ಹಾಕಿದಾಗ ಮದ್ರಾಸು ಇಲಾಖೆಯನ್ನು ಮಾತ್ರ ಕೈಬಿಟ್ಟಿದ್ದರು. ಆ ಇಲಾಖೆಗೆ ಸೇರಿದ್ದ ಬಳ್ಳಾರಿಗೆ ಅದರ ಬಿಸಿಯು ತಟ್ಟಲಿಲ್ಲ. ಬಂಗಾಳದ ಅಮೃತ ಬಜಾರ ಪತ್ರಿಕೆಯಾದರೋ ಒಮ್ಮೆಲೆ ಇಂಗ್ಲಿಷ್ ಪತ್ರಿಕೆಯಾಗಿ ಮಾರ್ಪಟ್ಟು ಕಾಯಿದೆಯ ಕೈಯಿಂದ ನುಣುಚಿಕೊಂಡಿತು. ಮುಂದೆ ಬಂದ 1910ರ ಮತ್ತು 1931ರ ಮುದ್ರಣ ಕಾಯಿದೆಗಳು ಠೇವಣಿಯ ಕತ್ತಿಯನ್ನು ಪತ್ರಿಕೆಗಳ ತಲೆಯ ಮೇಲೆ ತೂಗಹಾಕಿದವು.

1942ರ ಆಗಸ್ಟಿನಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದಾಗ ಉಷಾ ಮೆಹತಾ ಎಂಬ 22 ವರ್ಷದ ತರುಣಿಯೂ ಆಕೆಯ ಸಂಗಾತಿಗಳೂ ಮುಂಬಯಿಯಲ್ಲಿ ಗುಪ್ತವಾಗಿ ಕಾಂಗ್ರೆಸ್ ರೇಡಿಯೋವನ್ನು ನಡೆಯಿಸಿದರು. 42.34 ಮೀಟರಿನಲ್ಲಿ ಕೇಳಿಸುತ್ತಿದ್ದ ಆ ಧ್ವನಿಯು ಭಾರತದ ಯಾವುದೋ ಸ್ಥಳದಿಂದ ಬರುತ್ತಿರುವದೆಂದಷ್ಟೇ ಹೇಳಿಕೊಳ್ಳುತ್ತಿತ್ತು. ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತ, ನವೆಂಬರ್ 12ರಂದು ಸೆರೆಯಾಗುವವರೆಗೂ ಅವರು ಅದನ್ನು ಕಾಪಾಡಿದರು. ಅಂದಿನ ಕಾಯಿದೆಯ ಕಣ್ಣಿಗೆ ಆಕೆ ಅಪರಾಧಿನಿ. 1998ರಲ್ಲಿ ಸ್ವತಂತ್ರ ಭಾರತವು ಆಕೆಗೆ ಪದ್ಮವಿಭೂಷಣವನ್ನು ಕೊಟ್ಟು ಗೌರವಿಸಿತು.

ಅಂದಿನದು ಪರಕೀಯರ ಸರಕಾರ, ಇಂದಿನದು ನಮ್ಮದೇ ಸರಕಾರ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ಸರಿಯೇ ಎಂದು ವಾಚಕರು ಕೇಳಬಹುದು. ಸರಿಯಾದ ಪ್ರಶ್ನೆಯೇ. ಎರಡೂ ಒಂದಲ್ಲ. ಪರಕೀಯ ಸರಕಾರವು ಪ್ರಜೆಗಳಿಗೆ ಕಾರಣ ಹೇಳಬೇಕಾದ ಹಂಗಿನಲ್ಲಿರಲಿಲ್ಲ. ನಮ್ಮ ಸರಕಾರವು ಆ ಹಂಗಿನಲ್ಲಿದೆ. ಇರುವ ಭೇದವೆಲ್ಲ ಅಲ್ಲಿಯೇ ಇದೆ. ಕಾರಣ ಹೇಳುವದನ್ನು ಬಿಟ್ಟ ದಿನ ಆ ಭೇದವು ತೆಳುವಾಗುತ್ತ ಹೋಗುವದು.

ಟಾರ್ ಜಾಲದ ಕ್ರಮವನ್ನು ಸ್ವಲ್ಪ ತಿಳಿಯುವದು ಯುಕ್ತ. ಇದರ ಮೂಲಕಲ್ಪನೆಯು 1990ರ ದಶಕದಲ್ಲಿ ಅಮೇರಿಕದ ನೌಕಾದಳದ ಸಂಶೋಧನಾಲಯದಲ್ಲಿಯೇ ಹುಟ್ಟಿತು. ಓದುಗನ ಬೇಡಿಕೆಯನ್ನು ಉಳ್ಳಾಗಡ್ಡಿಯ ಪದರುಗಳಂತೆ ಗೂಢಲಿಪಿಯ ಮೂರು ಹೊದಿಕೆಗಳಲ್ಲಿ ಸುತ್ತಿ ಮೂರು ಠಾಣ್ಯಗಳನ್ನು ದಾಟಿಸುತ್ತಾರೆ. ಒಂದೊಂದು ಠಾಣ್ಯವೂ ಒಂದೊಂದು ಪದರನ್ನು ಮಾತ್ರ ಬಿಡಿಸುವದು. ಮೊದಲನೆಯದಕ್ಕೆ ಕಳುಹಿದವನ ಗುರುತಿದೆ, ಹೋಗುವ ಸ್ಥಳವು ತಿಳಿಯದು. ಕೊನೆಯದಕ್ಕೆ ಹೋಗುವ ಸ್ಥಳವು ತಿಳಿದಿದೆ, ಕಳುಹಿದವನು ಯಾರೆಂಬುದು ತಿಳಿಯದು. ವಿ.ಪಿ.ಎನ್. ಎಂಬುದಾದರೋ ಒಬ್ಬನೇ ದಲಾಲಿಯ ವ್ಯವಸ್ಥೆ; ಎಲ್ಲವೂ ಆ ಒಬ್ಬನಿಗೆ ತಿಳಿದಿರುವದು. ಅವನು ಸತ್ಯವಂತನಾದರೆ ಕ್ಷೇಮ, ಅಲ್ಲದಿದ್ದರೆ ಮೋಸ. ನಮ್ಮ ದೇಶದಲ್ಲಿ ಇವೆರಡರ ಬಳಕೆಯನ್ನೂ ಯಾವ ಸಾಮಾನ್ಯ ಕಾಯಿದೆಯೂ ಅಪರಾಧವೆಂದು ಹೇಳಿಲ್ಲ. ಆದರೆ ವಿ.ಪಿ.ಎನ್. ನಡೆಯಿಸುವವರು ತಮ್ಮ ಗಿರಾಕಿಗಳ ವಿವರಗಳನ್ನು ಐದು ವರ್ಷ ಕಾದಿಡಬೇಕೆಂದು 2022ರ ಏಪ್ರಿಲ್ 28ರಂದು ಕೇಂದ್ರದ ಸಂಸ್ಥೆಯೊಂದು ಆಜ್ಞಾಪಿಸಿತು; ಹಲವು ಕಂಪನಿಗಳು ಅದನ್ನು ಒಪ್ಪದೆ ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನೇ ಕಿತ್ತುಕೊಂಡು ಹೋದವು.

ಇನ್ನು ಗುಪ್ತ ಆಜ್ಞೆಯ ಸಂಗತಿ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನ ಮೇರೆಗೆ, ದೇಶದ ಸಾರ್ವಭೌಮತೆ, ರಕ್ಷಣೆ, ಸಾರ್ವಜನಿಕ ಶಾಂತತೆ ಮುಂತಾದ ಕಾರಣಗಳಿಗಾಗಿ ಕೇಂದ್ರ ಸರಕಾರವು ಯಾವುದೇ ಬರಹವನ್ನು ಮುಚ್ಚಿಸಬಹುದು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು. ಕಾರಣಗಳನ್ನು ಬರಹದಲ್ಲಿ ದಾಖಲಿಸುವದರಿಂದ ಅವುಗಳನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲು ಬರುವದೆಂಬುದು ಅದಕ್ಕೆ ಕೊಟ್ಟ ಆಧಾರಗಳಲ್ಲಿ ಒಂದು. ಆದರೆ 2009ರ ನಿಯಮಗಳ 16ನೆಯ ನಿಯಮವು ದೂರನ್ನೂ ಅದರ ಮೇಲಿನ ಕ್ರಮವನ್ನೂ ಗೋಪ್ಯವಾಗಿಡಬೇಕೆಂದು ವಿಧಿಸಿರುವದು. ಬರೆದವನ ಕೈಗೆ ಕಾರಣದ ಪತ್ರವು ಬರದೆ ಇದ್ದರೆ ಅವನು ಏನನ್ನು ಪ್ರಶ್ನಿಸಬೇಕು?

ನಮ್ಮ ನಾಡಿನ ಹೈಕೋರ್ಟಿನಲ್ಲಿಯೇ ಇದರ ಫಲವನ್ನು ಕಂಡಿದ್ದೇವೆ. ಟ್ವಿಟರ್ ಕಂಪನಿಯು 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಅರ್ಜಿ ಹಾಕಿ, ಮುಚ್ಚಿಸುವ ಮೊದಲು ಬರೆದವರಿಗೆ ನೋಟೀಸು ಕೊಡಬೇಕಾಗಿತ್ತೆಂದು ವಾದಿಸಿತು. 2023ರ ಜೂನ್ 30ರಂದು ಆ ಅರ್ಜಿಯು 50 ಲಕ್ಷ ರೂಪಾಯಿ ಖರ್ಚಿನೊಂದಿಗೆ ವಜಾ ಆಯಿತು. ಸಹಯೋಗ ಎಂಬ ಸರಕಾರಿ ಪೋರ್ಟಲಿನ ಮೂಲಕ ಬರಹಗಳನ್ನು ತೆಗೆಯಿಸುವ ಕ್ರಮವನ್ನು ಪ್ರಶ್ನಿಸಿ ಅದೇ ಕಂಪನಿಯು ಎಕ್ಸ್ ಎಂಬ ಹೊಸ ಹೆಸರಿನಲ್ಲಿ ತಂದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು. ಸಂವಿಧಾನದ 19ನೆಯ ಅನುಚ್ಛೇದದ ವಾಕ್‌ಸ್ವಾತಂತ್ರ್ಯವು ಭಾರತದ ನಾಗರಿಕರದು, ವಿದೇಶಿ ಕಂಪನಿಯು ಅದನ್ನು ಬೇಡಲಾರದೆಂದು ನ್ಯಾಯಾಲಯವು ಹೇಳಿತು. ಹಾಗಿದ್ದರೆ ಪರಿಣಾಮವನ್ನು ವಾಚಕರೇ ನೋಡಲಿ: ಆಜ್ಞೆಯು ಕೈಯಲ್ಲಿರುವ ಕಂಪನಿಗೆ ಹಕ್ಕಿಲ್ಲ; ಹಕ್ಕುಳ್ಳ ನಾಗರಿಕನ ಕೈಯಲ್ಲಿ ಆಜ್ಞೆಯಿಲ್ಲ. ಬೀಗ ಒಬ್ಬನ ಮನೆಗೆ, ಬೀಗದ ಕೈ ಇನ್ನೊಬ್ಬನ ಕಿಸೆಯಲ್ಲಿ ಎಂಬಂತಾಯಿತು. ಹೀಗಿರಲಾಗಿ ನಾಗರಿಕನು ಹಿತ್ತಿಲ ಬಾಗಿಲನ್ನು ಹುಡುಕಿದರೆ ಆಶ್ಚರ್ಯವೇನು?

ಎದುರು ಪಕ್ಷದ ಮಾತಿನಲ್ಲಿಯೂ ಸತ್ಯಾಂಶವಿದೆ. ಮರೆಯಲ್ಲಿ ನಿಂತು ಕಲ್ಲೆಸೆಯುವವರಿಗೇನೂ ಕೊರತೆಯಿಲ್ಲ. ಮಹಿಳಾ ಉದ್ಯೋಗಿಯನ್ನು ಕುರಿತು ಗುರುತು ಮರೆಸಿಕೊಂಡವರು ಅಶ್ಲೀಲ ಅಂಚೆಗಳನ್ನು ಕಳುಹಿದರೆಂಬ ದೂರಿನ ಮೇಲೆ, ಪ್ರೋಟಾನ್ ಮೇಲ್ ಎಂಬ ಅಂಚೆಯನ್ನು ದೇಶದಲ್ಲಿ ಮುಚ್ಚಿಸಲು ಕ್ರಮ ಕೈಕೊಳ್ಳಬೇಕೆಂದು 2025ರ ಏಪ್ರಿಲಿನಲ್ಲಿ ನಮ್ಮ ಹೈಕೋರ್ಟೇ ಆದೇಶಿಸಿತು. ಆ ಮಹಿಳೆಯ ನೋವು ಸುಳ್ಳಲ್ಲ. ಆದರೆ ಒಬ್ಬ ದುಷ್ಟನು ನಡೆದ ದಾರಿಯೆಂದು ಊರಿನ ದಾರಿಯನ್ನೇ ಅಗೆದುಹಾಕುವದು ಆಡಳಿತವೆನಿಸದು. ಟಾರ್ ಜಾಲದ ಮರೆಯಲ್ಲಿ ಮಾದಕದ್ರವ್ಯಗಳ ಮಾರಾಟಕ್ಕೆ ಎಡೆಯಾಗಿದ್ದ ಸಿಲ್ಕ್ ರೋಡ್ ಎಂಬ ಪೇಟೆಯ ಒಡೆಯನನ್ನು 2013ರಲ್ಲಿ ಅಮೇರಿಕದ ಪೋಲೀಸರು ಹಿಡಿದದ್ದು ಜಾಲವನ್ನು ನಿಷೇಧಿಸಿ ಅಲ್ಲ. ತಾಳ್ಮೆಯಿಂದ ತಪಾಸಣೆ ಮಾಡಿ, ಗ್ರಂಥಾಲಯದಲ್ಲಿ ಅವನ ಗಣಕಯಂತ್ರವು ತೆರೆದಿರುವಾಗಲೇ ಹಿಡಿದರು. ಕೆಲಸ ಬಲ್ಲ ಪೋಲೀಸರಿಗೆ ದಾರಿಗಳಿವೆ.

ಎಲ್ಲರಿಗೂ ಒಟ್ಟಾಗಿ ಬಾಗಿಲು ಮುಚ್ಚಿದರೆ ಆಗುವದೇನೆಂಬುದಕ್ಕೆ ನಿದರ್ಶನಗಳು ದೂರದಲ್ಲಿಲ್ಲ. 2019ರ ಆಗಸ್ಟಿನಿಂದ ಕಾಶ್ಮೀರದಲ್ಲಿ ಅಂತರ್ಜಾಲವು ನಿಂತಿತು. 2020ರ ಜನವರಿಯಲ್ಲಿ ಕೆಲವೇ ತಾಣಗಳನ್ನು ತೆರೆದರೂ ಸಾಮಾಜಿಕ ಜಾಲತಾಣಗಳು ಮುಚ್ಚಿಯೇ ಇದ್ದವು. ಜನರು ವಿ.ಪಿ.ಎನ್. ಹಿಡಿದರು, ಫೆಬ್ರವರಿಯಲ್ಲಿ ಶ್ರೀನಗರದ ಪೋಲೀಸರು ಅದರ ದುರುಪಯೋಗವೆಂದು ಉಗ್ರ ಕಾಯಿದೆಯ ಮೇರೆಗೆ ಮೊಕದ್ದಮೆ ಹೂಡಿದರು. ನೆರೆಯ ನೇಪಾಳವು 2025ರ ಸೆಪ್ಟೆಂಬರ್ 4ರಂದು 26 ಜಾಲತಾಣಗಳನ್ನು ಮುಚ್ಚಿತು. ಭ್ರಷ್ಟಾಚಾರದ ಮೇಲೆ ಮೊದಲೇ ಕುದಿಯುತ್ತಿದ್ದ ತರುಣರು 8ರಂದು ಬೀದಿಗಿಳಿದರು. ಅಂದು ಒಂದೇ ದಿನ 19 ಜನರು ಪ್ರಾಣ ತೆತ್ತರು. ನಿಷೇಧವೂ ಹೋಯಿತು, ಮರುದಿನ ಪ್ರಧಾನಿಯ ಪದವಿಯೂ ಹೋಯಿತು. ಮುಚ್ಚಿದ ಪಾತ್ರೆಯಲ್ಲಿ ಉಗಿಯು ಅಡಗುವದೇ ಹೊರತು ಆರುವದಿಲ್ಲ.

ಗುಪ್ತ ಮಾರ್ಗವನ್ನು ನೆಚ್ಚಿದ ತರುಣರಿಗೂ ಎರಡು ಮಾತು ಹೇಳಬೇಕಾಗಿದೆ. ಟಾರ್ ದೊಡ್ಡ ಕವಚವೇನೂ ಅಲ್ಲ. ಅದನ್ನು ಬಳಸುವಿರೆಂಬ ಸಂಗತಿಯು ಅಂತರ್ಜಾಲ ಒದಗಿಸುವವನಿಗೆ ಸಾಮಾನ್ಯವಾಗಿ ಕಾಣುವದು. ಸ್ವಂತ ಹೆಸರಿನ ಖಾತೆಯನ್ನು ಅದರಲ್ಲಿ ತೆರೆದರೆ ಮುಸುಕನ್ನು ನೀವೇ ತೆಗೆದಂತಾಯಿತು. ಪುಕ್ಕಟೆಯ ವಿ.ಪಿ.ಎನ್. ಕೊಡುವವನು ನಿಮ್ಮ ವಿವರಗಳನ್ನೇ ಸರಕಾಗಿ ಮಾರಿಕೊಂಡಾನು. ಎಲ್ಲಕ್ಕಿಂತ ಮಿಗಿಲಾಗಿ, ಓದುವದಕ್ಕೆ ಮರೆಯನ್ನು ಆಶ್ರಯಿಸುವದು ಬೇರೆ, ನಿಂದಿಸುವದಕ್ಕೆ ಆಶ್ರಯಿಸುವದು ಬೇರೆ; ಎರಡನೆಯದು ಹೇಡಿಯ ಕೆಲಸ. ಮೇಲಾಗಿ ಗುಪ್ತ ಮಾರ್ಗವು ಬಲ್ಲವರಿಗೆ ಮಾತ್ರ ದಕ್ಕುವದು. ಸಿರುಗುಪ್ಪದ ಭತ್ತದ ರೈತನಿಗೂ ಕುರುಗೋಡಿನ ಸಣ್ಣ ವ್ಯಾಪಾರಿಗೂ ಅದು ಎಟುಕದು. ಅವರ ಪಾಲಿಗೆ ಮುಚ್ಚಿದ್ದು ಮುಚ್ಚಿದ್ದೇ. ಬಲ್ಲವರು ಸದ್ದಿಲ್ಲದೆ ದಾಟಿಹೋದರೆ ಉಳಿದವರ ಪರವಾಗಿ ಬಾಗಿಲು ತಟ್ಟುವವರು ಯಾರು?

ಆದಕಾರಣ ನಾವು ಸರಕಾರವನ್ನು ಕೇಳುವದು ಮೂರೇ ಸಂಗತಿ. ಮುಚ್ಚಿಸಿದ ಪ್ರತಿಯೊಂದು ಬರಹದ ಸ್ಥಾನದಲ್ಲಿ ಆಜ್ಞೆಯ ದಿನಾಂಕವೂ ಕಾರಣವೂ ಕಾಣಲಿ. ದೇಶರಕ್ಷಣೆಗೆ ನಿಜವಾಗಿ ಬಾಧಕವಾಗುವ ಅಂಶವಿದ್ದರೆ ಅಷ್ಟನ್ನು ಮಾತ್ರ ಮರೆಯಿಡಲಿ. ಬರೆದವನ ಗುರುತು ತಿಳಿದಿರುವಲ್ಲಿ ಅವನಿಗೆ ಪ್ರತಿಯೊಂದನ್ನು ಕೊಟ್ಟು ಅವನ ಮಾತನ್ನು ಕೇಳಲಿ. ಬರಿಯ ಟಾರ್ ಅಥವಾ ವಿ.ಪಿ.ಎನ್. ಬಳಕೆಯನ್ನೇ ಅಪರಾಧದ ಕುರುಹೆಂದು ಯಾವ ಅಧಿಕಾರಿಯೂ ಎಣಿಸದಿರಲಿ. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಸಾರಿದರು. ಆ ಮೊಕದ್ದಮೆಯನ್ನು ಹೂಡಿದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನಿಂದಲೇ ನಿವೃತ್ತರಾದ ನ್ಯಾಯಮೂರ್ತಿಗಳು.

ಈ ಅಂಕಣವನ್ನು ಓದುವವರಲ್ಲಿ ಅಧಿಕಾರಿಗಳೂ ಇದ್ದಾರೆ. ಅಲ್ಲೀಪುರದ ಗೋಡೆಯೊಳಗಿದ್ದವರು ಬಯಸಿದ್ದು, ಪ್ರಜೆಗಳ ಎದುರಿನಲ್ಲಿ ತನ್ನ ಕಾರಣಗಳನ್ನು ಹೇಳಲು ಅಂಜದ ಸರಕಾರವನ್ನು. ಆಜ್ಞೆಯು ಬೆಳಕಿಗೆ ಬಂದರೆ ಗುಪ್ತ ಮಾರ್ಗದಲ್ಲಿ ಹುಲ್ಲು ಬೆಳೆಯುವದು.