ಯಕೃತ್ತಿನ ಕಾವಲುಗಾರ



ಪಾಠಪುಸ್ತಕಗಳಲ್ಲಿ ಜೀವಕೋಶದ ಬೆಳವಣಿಗೆಗೆ ದೊರೆಯುವ ಸ್ಥಾನ ಅದರ ನಿಲುಗಡೆಗೆ ದೊರೆಯುವುದಿಲ್ಲ. ಕೋಶಕ್ಕೆ ‘ಸಾಕು’ ಎನ್ನುವ ಜೀನುಗಳಲ್ಲಿ ಪಿ53 ಪ್ರಮುಖವಾದುದು. 1979ರಲ್ಲಿ ಇದರ ಪ್ರೋಟೀನು ಪತ್ತೆಯಾದಾಗ ವಿಜ್ಞಾನಿಗಳು ಇದನ್ನು ಕ್ಯಾನ್ಸರಿಗೆ ಕಾರಣವೆಂದೇ ಎಣಿಸಿದ್ದರು. ಇದು ಕ್ಯಾನ್ಸರನ್ನು ತಡೆಯುವ ಜೀನೆಂದು ಸ್ಪಷ್ಟವಾದದ್ದು 1989ರಲ್ಲಿ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಕೆಟ್ಟಿರುತ್ತದೆ.

ಮದ್ಯದಿಂದಲೋ ಹೆಪಟೈಟಿಸ್ ವೈರಸ್ಸಿನಿಂದಲೋ ಯಕೃತ್ತಿಗೆ ಮತ್ತೆ ಮತ್ತೆ ಪೆಟ್ಟಾದಾಗ, ಅಲ್ಲಿನ ನಕ್ಷತ್ರಾಕಾರದ ಕೋಶಗಳು ಗಾಯ ಮುಚ್ಚಲೆಂದು ನಾರನ್ನು ತುಂಬುತ್ತವೆ. ಅವು ನಿಲ್ಲದೆ ಹೋದರೆ ಯಕೃತ್ತು ಗಡುಸಾಗಿ ಸಿರೋಸಿಸ್ ಉಂಟಾಗುತ್ತದೆ. ಯಕೃತ್ತಿನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಅಂಥಲ್ಲಿಯೇ. ಇಲಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಈ ಕೋಶಗಳನ್ನು ಮುಪ್ಪಿಗೆ ತಳ್ಳಿ ನಾರನ್ನು ಮಿತಿಯಲ್ಲಿಡುವುದರಲ್ಲಿಯೂ ಪಿ53ರ ಪಾತ್ರವಿದೆಯೆಂದು ತೋರಿಸಿತು.

ಇಂಥ ಕಾವಲನ್ನು ನಾವಾಗಿಯೇ ಕೆಡಿಸಿಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಬೂಷ್ಟು ಹಿಡಿದ ಕಡಲೆಕಾಯಿ, ಮುಸುಕಿನ ಜೋಳಗಳಲ್ಲಿ ಸೇರುವ ಅಫ್ಲಾಟಾಕ್ಸಿನ್ ಎಂಬ ವಿಷ ಈ ಜೀನನ್ನೇ ಕೆಡಿಸಬಲ್ಲದು. ಹುರಿದರೂ ಅದು ಪೂರ್ತಿ ಹೋಗದು. ಬಿಸಾಡಲು ಮನಸ್ಸು ಬಾರದೆಂಬ ಮಿತವ್ಯಯ ಇಲ್ಲಿ ಸಲ್ಲದು. ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ತಪ್ಪದೆ ಹಾಕಿಸಿರಿ. ನಿಮ್ಮಲ್ಲಿ ಕುಡಿತದ ಅಭ್ಯಾಸವುಳ್ಳವರು, ಯಕೃತ್ತು ಇನ್ನೂ ಚೇತರಿಸಿಕೊಳ್ಳಬಲ್ಲ ಹಂತದಲ್ಲಿರುವಾಗಲೇ, ‘ಸಾಕು’ ಎನ್ನಲಿ.