ಲ್ಯಾಬಿನ ಬೀಗ ತೆಗೀರಿ, ಮಕ್ಕಳು ಊರಿನ ಪುಟ ಮಾಡಲಿ

ನಿಮ್ಮೂರಿಗೆ ಬರುವ ಬಸ್ಸಿನ ಟೈಮು ಎಲ್ಲಿ ಸಿಗುತ್ತೆ? ಬಹುಶಃ ಯಾವುದೋ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೋ ಯಾವಾಗಲೋ ಹಾಕಿದ ಫೋಟೊದಲ್ಲಿ. ಬೇಕಾದಾಗ ಬೆರಳು ನೋಯುವಷ್ಟು ಮೇಲೆ ಸರಿಸಿ ಹುಡುಕಬೇಕು. ಡೇರಿಯ ಹಾಲಿನ ದರ, ರೇಷನ್ ಕೊಡುವ ದಿನ, ಜಾತ್ರೆ ಕಾರ್ಯಕ್ರಮ ಎಲ್ಲದರ ಕಥೆಯೂ ಇಷ್ಟೇ. ಗೂಗಲ್‌ನಲ್ಲಿ ಊರಿನ ಹೆಸರು ಹಾಕಿದರೆ ಪಿನ್‌ಕೋಡು, ಜನಸಂಖ್ಯೆ ಬರುತ್ತೆ, ಅದೂ ಇಂಗ್ಲಿಷಿನಲ್ಲಿ.

ಈ ಕೆಲಸವನ್ನು ನಮ್ಮೂರ ಹೈಸ್ಕೂಲ್ ಮಕ್ಕಳೇ ಮಾಡಬಹುದು ಅನ್ನುವುದು ನಮ್ಮ ವಾದ. ಅದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ ಅನ್ನುವ ವೃತ್ತಿ ಶಿಕ್ಷಣ ಆಗಲೇ ಇದೆ. ಒಂಬತ್ತು, ಹತ್ತನೇ ತರಗತಿಯಲ್ಲಿ ಮೂರನೇ ಭಾಷೆಯ ಬದಲಿಗೆ ಇದನ್ನು ತೆಗೆದುಕೊಳ್ಳಬಹುದು. ಕೆಲವು ಕಡೆ ಆಟೊಮೊಬೈಲ್, ಕೆಲವು ಕಡೆ ಬ್ಯೂಟಿ, ಕೆಲವು ಕಡೆ ಐಟಿ.

ಆದರೆ ಐಟಿಯಲ್ಲಿ ಕಲಿಸುವುದೇನು? ಎನ್‌ಸಿಇಆರ್‌ಟಿಯ ಭೋಪಾಲದ ವೃತ್ತಿ ಶಿಕ್ಷಣ ಸಂಸ್ಥೆ ಈ ತರಗತಿಗಳಿಗೆ ಸಿದ್ಧಪಡಿಸಿದ ಪುಸ್ತಕದ ಹೆಸರೇ ‘ಡೊಮೆಸ್ಟಿಕ್ ಡೇಟಾ ಎಂಟ್ರಿ ಆಪರೇಟರ್’. ಅಂದರೆ ಬೇರೆಯವರು ಬರೆದು ಕೊಟ್ಟಿದ್ದನ್ನು ಟೈಪ್ ಮಾಡುವವರು. ಟೈಪಿಂಗ್, ಸ್ಪ್ರೆಡ್‌ಶೀಟ್ ಬೇಡ ಅಂತ ನಾವು ಹೇಳಲ್ಲ. ಗ್ರಾಮ ಒನ್ ಕೇಂದ್ರದಲ್ಲೋ ಸಹಕಾರ ಸಂಘದಲ್ಲೋ ಕೂತರೆ ಅವು ಬೇಕೇ ಬೇಕು. ಆದರೆ ಹದಿನಾಲ್ಕು ವರ್ಷದ ಮಗುವಿನ ಕೈಗೆ ಕಂಪ್ಯೂಟರ್ ಕೊಟ್ಟು, ನೀನು ಎಂಟ್ರಿ ಮಾಡುವವಳು ಅಂತ ಮೊದಲೇ ಹೆಸರಿಟ್ಟುಬಿಡುವುದು ನಮಗೆ ಸರಿ ಕಾಣಲ್ಲ.

ಕಳೆದ ವರ್ಷ ನಾವು ಅಂಥ ಒಂದು ಶಾಲೆಗೆ ಹೋಗಿದ್ದೆವು. ತರಬೇತುದಾರರು ಆಸಕ್ತಿಯ ಮನುಷ್ಯ. ಪಠ್ಯದಲ್ಲಿ ಇಲ್ಲದಿದ್ದರೂ ಎಚ್‌ಟಿಎಂಎಲ್ ಹೇಳಿಕೊಡುತ್ತಿದ್ದರು, ಆದರೆ ಕರಿಹಲಗೆಯ ಮೇಲೆ. ಒಬ್ಬಳು ಹುಡುಗಿಯ ನೋಟ್‌ಬುಕ್ಕಿನಲ್ಲಿ ಟ್ಯಾಗ್‌ಗಳೆಲ್ಲ ಮುತ್ತು ಪೋಣಿಸಿದ ಹಾಗಿದ್ದವು. ಇದನ್ನು ತೆರೆದು ನೋಡಿದ್ದೀಯಾ ಅಂತ ಕೇಳಿದೆವು. “ಇಲ್ಲ ಸರ್, ಲ್ಯಾಬ್ ಪ್ರಾಕ್ಟಿಕಲ್‌ಗೆ ಮಾತ್ರ ತೆಗೀತಾರೆ” ಅಂದಳು. ಕಂಪ್ಯೂಟರ್ ಕೆಟ್ಟರೆ ಯಾರು ಹೊಣೆ ಅನ್ನುವ ಭಯಕ್ಕೆ ಬೀಗ ಹಾಕಿದ್ದರು. ಈಜುವುದನ್ನು ಕರಿಹಲಗೆ ಮೇಲೆ ಕಲಿಸಿದ ಹಾಗೆ.

ವೆಬ್ ಪುಟಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕು ಅನ್ನುವುದು ತಪ್ಪು ತಿಳಿವಳಿಕೆ. ಅದು ಬರೀ ಅಕ್ಷರದ ಫೈಲು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಎದುರಿಗಿಟ್ಟ ಮೊದಲ ವೆಬ್‌ಸೈಟಿನಲ್ಲಿ ಇದ್ದದ್ದು ಬರಹ ಮತ್ತು ಲಿಂಕ್, ಅಷ್ಟೇ. ಬಸ್ ಟೈಮಿಗೂ ಅಷ್ಟು ಸಾಕು. ಹಳೇ ಕಂಪ್ಯೂಟರಿನ ನೋಟ್‌ಪ್ಯಾಡ್‌ನಲ್ಲಿ ಬರೆಯಬಹುದು, ಇಂಟರ್ನೆಟ್ ಇಲ್ಲದೆಯೇ ಅಲ್ಲೇ ತೆರೆದು ನೋಡಬಹುದು. ಮೊಬೈಲಿನಲ್ಲೂ ಆಗುತ್ತೆ, ಉಚಿತ ಆ್ಯಪ್‌ಗಳಿವೆ.

ಮಾಡುವಾಗ ಕಲಿಯುವುದು ಎಷ್ಟಿರುತ್ತೆ ಅನ್ನುವುದು ನಮಗೆ ನಮ್ಮದೇ ತಪ್ಪುಗಳಿಂದ ಗೊತ್ತು. ಈ ಬ್ಲಾಗಿನ ಕೆಲಸ ಶುರು ಮಾಡಿದಾಗ ಹಳೇ ನುಡಿ ಫಾಂಟಿನಲ್ಲಿ ಬರೆದ ಲೇಖನವನ್ನು ಹಾಗೇ ಹಾಕಿದೆವು. ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಯಾಕೆ ಬೇಕು ಅಂತ ಅವತ್ತು ತಿಳಿಯಿತು. ಆಮೇಲೆ ಸಾಲುಗಳ ನಡುವಿನ ಜಾಗ. ಇಂಗ್ಲಿಷಿಗೆ ಹೊಂದಿಸಿಟ್ಟ ಅಳತೆಯಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ವ್ಯೂಪೋರ್ಟ್ ಅನ್ನುವ ಒಂದೇ ಸಾಲು ಮರೆತಿದ್ದಕ್ಕೆ ಇಡೀ ಪುಟ ಫೋನಿನಲ್ಲಿ ಇರುವೆ ಸಾಲಿನಷ್ಟು ಚಿಕ್ಕದಾಗಿ ಕಂಡಿತು. ಕ್ಯಾಮೆರಾದಿಂದ ಬಂದ ನಾಲ್ಕು ಎಂಬಿ ಫೋಟೊ ಹಾಗೇ ಹಾಕಿದ್ದಕ್ಕೆ ಒಬ್ಬ ಓದುಗರು, ನಿಮ್ಮ ಪುಟ ತೆರೆಯುವಷ್ಟರಲ್ಲಿ ನನ್ನ ಡೇಟಾ ಖಾಲಿ ಅಂತ ಬೈದರು. ಬೈದದ್ದು ಸರಿಯಾಗೇ ಇತ್ತು. ಇವು ಯಾವುವೂ ನಾವು ನೋಡಿದ ಪಠ್ಯಗಳಲ್ಲಿ ಇಲ್ಲ. ಕನ್ನಡದಲ್ಲಿ, ಕಡಿಮೆ ಬೆಲೆಯ ಫೋನಿಗೆ ಅಂತ ಪುಟ ಮಾಡಿದವರಿಗೆ ಮಾತ್ರ ಗೊತ್ತಾಗುವ ಸಂಗತಿಗಳು ಇವು.

ಬಸ್ ಟೈಮಿನ ಒಂದು ಪುಟ ಮಾಡಬೇಕಾದರೆ ಮಕ್ಕಳು ಮೊದಲು ನಿಲ್ದಾಣಕ್ಕೆ ಹೋಗಬೇಕು, ಕಂಡಕ್ಟರನ್ನು ಕೇಳಬೇಕು, ಬೋರ್ಡಿನಲ್ಲಿ ಇರುವುದಕ್ಕೂ ಬಸ್ಸು ಬರುವುದಕ್ಕೂ ಇರುವ ಅಂತರ ಬರೆದುಕೊಳ್ಳಬೇಕು. ಪತ್ರಿಕೋದ್ಯಮ ಓದಿದ ನಮಗೆ ಇದು ವರದಿಗಾರಿಕೆ. ಜೊತೆಗೆ, ಕಣ್ಣು ಕಾಣದವರ ಫೋನು ಅಕ್ಷರದಲ್ಲಿರುವ ಪುಟವನ್ನು ಓದಿ ಹೇಳುತ್ತೆ. ಮಸುಕಾದ ಫೋಟೊದಲ್ಲಿ ಅದು ತಡವರಿಸುತ್ತೆ. ಒಂದು ಎಚ್ಚರ ಮಾತ್ರ: ಮಕ್ಕಳ ಫೋಟೊ, ಫೋನ್ ನಂಬರು ಪುಟಕ್ಕೆ ಬರಬಾರದು.

ಮನೆಯಲ್ಲಿ ಕಲಿಯಲಿ ಬಿಡಿ, ಎಲ್ಲರ ಹತ್ರ ಫೋನಿದೆಯಲ್ಲ ಅನ್ನುವವರು ಇದ್ದಾರೆ. ಫೋನು ಅಪ್ಪನದು, ಇಲ್ಲವೇ ಅಣ್ಣನದು. ಹುಡುಗಿಯ ಕೈಗೆ ಸಿಗುವುದು ರಾತ್ರಿ ಅರ್ಧ ಗಂಟೆ, ಅದೂ ಯಾರಾದರೂ ಪಕ್ಕದಲ್ಲಿ ಕೂತಿದ್ದರೆ. ಅವಳಿಗೆ ಶಾಲೆಯ ಲ್ಯಾಬು ಬಿಟ್ಟರೆ ಬೇರೆ ಜಾಗವಿಲ್ಲ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಒಳ್ಳೆಯದೇ, ಆದರೆ ಸಂಜೆ ಅಲ್ಲಿ ಯಾರು ಇರುತ್ತಾರೆ ನೋಡಿ ಕಳಿಸುವ ಮನೆಗಳೇ ಹೆಚ್ಚು.

ಕೆಲಸದ ವಿಷಯದಲ್ಲಿ ಸುಳ್ಳು ಆಸೆ ಹುಟ್ಟಿಸಬಾರದು. ಹತ್ತನೇ ತರಗತಿಯ ಸರ್ಟಿಫಿಕೇಟ್ ನೋಡಿ ಯಾರೂ ವೆಬ್ ಡಿಸೈನರ್ ಅಂತ ಕೆಲಸಕ್ಕೆ ಕರೆಯಲ್ಲ. ರೆಡಿಮೇಡ್ ಟೆಂಪ್ಲೇಟು, ಈಗ ಎಐ, ಎರಡೂ ಸೇರಿ ಸಣ್ಣಪುಟ್ಟ ಕೆಲಸವನ್ನು ಕಡಿಮೆ ಮಾಡಿವೆ. ದಾಖಲಾತಿ ಸಮಯದಲ್ಲಿ ಶಾಲೆಯವರು ಇದನ್ನು ಪೋಷಕರಿಗೆ ಬಿಡಿಸಿ ಹೇಳಬೇಕು. ಮುಂದೆ ಓದಲು ದಾರಿಗಳಿವೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಕೋಪಾ ಅನ್ನುವ ಒಂದು ವರ್ಷದ ಟ್ರೇಡ್ ಇದೆ, ಅದರಲ್ಲಿ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಬರುತ್ತೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಇದೆ. ಹೈಸ್ಕೂಲಿನಲ್ಲಿ ನಾಲ್ಕು ಪುಟ ಮಾಡಿದ ಮಗು ಅಲ್ಲಿಗೆ ಹೋಗಬೇಕೋ ಬೇಡವೋ ಅಂತ ತಾನೇ ನಿರ್ಧರಿಸಬಲ್ಲದು. ನೋಟ್‌ಬುಕ್ಕಿಗೆ ಟ್ಯಾಗ್ ಇಳಿಸಿಕೊಂಡ ಮಗುವಿಗೆ ಆ ಅವಕಾಶವೇ ಸಿಕ್ಕಿರಲ್ಲ, ಮೇಲಾಗಿ ಅದು ಒಂದು ಭಾಷೆ ಬಿಟ್ಟು ಬಂದಿರುತ್ತೆ.

ನಿಮ್ಮೂರ ಹೈಸ್ಕೂಲಿನಲ್ಲಿ ಐಟಿ ವಿಷಯ ಇದ್ದರೆ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಲ್ಯಾಬಿನ ಕೀಲಿ ಯಾರ ಹತ್ತಿರ ಇದೆ, ವಾರಕ್ಕೆ ಎಷ್ಟು ದಿನ ತೆಗೀತೀರಿ, ತರಬೇತುದಾರರು ಜೂನ್‌ನಲ್ಲೇ ಬರ್ತಾರಾ ಅಥವಾ ದಸರಾ ಕಳೆದ ಮೇಲಾ. ಆಮೇಲೆ, ಈ ವರ್ಷ ಮಕ್ಕಳು ಮಾಡಿದ್ದನ್ನು ನಿಮ್ಮ ಫೋನಿನಲ್ಲೇ ತೆರೆದು ತೋರಿಸಲು ಹೇಳಿ.