ಚಿಕ್ಕ ಟವರಿಗೆ ವಿನಾಯಿತಿ ಯಾಕೆ ಸಲ್ಲದು

ವಿಮಾನ ನಿಲ್ದಾಣದ ಸುತ್ತ ಮೊಬೈಲ್ ಟವರ್ ನಿಲ್ಲಿಸಲು ನಿರಾಕ್ಷೇಪಣಾ ಪತ್ರ ಕೇಳುವುದು ಬರೀ ಕಡತದ ಕಾಟ, ಚಿಕ್ಕ ಟವರುಗಳಿಗೆ ವಿನಾಯಿತಿ ಕೊಡಿ ಎಂದು ಲೇಖನವೊಂದು ಮಂಡಿಸಿದ ವಾದವನ್ನು ಒಪ್ಪಲಾಗದು. ಚಿಕ್ಕದು ಎಂದರೆ ಎಲ್ಲಿಂದ ಅಳೆದದ್ದು? 2015ರ ಕೇಂದ್ರ ನಿಯಮಗಳು ಎತ್ತರವನ್ನು ಸಮುದ್ರಮಟ್ಟದಿಂದ ಲೆಕ್ಕ ಹಾಕುತ್ತವೆ. ತುದಿಯ ಆಂಟೆನಾ ಕೂಡ ಆ ಲೆಕ್ಕಕ್ಕೇ ಸೇರುತ್ತದೆ. ದೊಡ್ಡ ರನ್‌ವೇಗೆ ಇಳಿಯುವ ದಾರಿಯಲ್ಲಿ, ಯಾವ ಅಡೆತಡೆಯೂ ದಾಟಬಾರದ ಗೆರೆ 50 ಮೀಟರಿಗೆ 1 ಮೀಟರಿನಂತೆ ಮಾತ್ರ ಏರುತ್ತದೆ. ಅದು ಶುರುವಾಗುವಲ್ಲಿಂದ ಒಂದು ಕಿಲೋಮೀಟರ್ ಆಚೆಗೂ ಸಿಗುವ ಎತ್ತರ 20 ಮೀಟರ್ ಅಷ್ಟೇ. ನೆಲ ರನ್‌ವೇ ಮಟ್ಟದಲ್ಲೇ ಇದ್ದರೂ, ಮೂರು ಅಂತಸ್ತಿನ ಮನೆಯ ತಾರಸಿ ಮೇಲೆ 15 ಮೀಟರಿನ ಕಂಬ ನೆಟ್ಟರೆ ಮಿತಿ ಮೀರಿತು. ಗುಡ್ಡದ ಮೇಲಾದರೆ ಕೇಳುವುದೇ ಬೇಡ. ಟೇಕಾಫ್ ಹೊತ್ತಿನಲ್ಲಿ ಒಂದು ಎಂಜಿನ್ ಕೈಕೊಟ್ಟರೆ ವಿಮಾನ ಬಹಳ ನಿಧಾನವಾಗಿ ಮೇಲೇರುತ್ತದೆ. ಆಗ ಒಳಗಿರುವವರ ಜೀವ ಉಳಿಸುವುದು ಇಂಥ ತೆರವಾದ ಜಾಗವೇ.

ವಿಳಂಬದ ದೂರು ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ನಿಯಮದಲ್ಲೇ ಇದೆ. ಬಣ್ಣದ ವಲಯ ನಕ್ಷೆ ಪ್ರಕಟವಾಗಿರುವ ಕಡೆ, ಅದು ತೋರಿಸಿದ ಎತ್ತರದೊಳಗಿನ ನಿರ್ಮಾಣಕ್ಕೆ ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು. ಕೆಂಪು ವಲಯಕ್ಕಾದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಪತ್ರ ಬೇಕೇ ಬೇಕು. ಪಾಲಿಕೆಗಳು ಆ ನಕ್ಷೆ ನೋಡಿ ಬೇಗ ನಿರ್ಧರಿಸಲಿ ಎಂದು ಲೇಖಕರು ಒತ್ತಾಯಿಸಿದರೆ ನಾನೂ ದನಿಗೂಡಿಸುತ್ತೇನೆ. ವಿನಾಯಿತಿಯ ಬೇಡಿಕೆಯನ್ನು ಅವರು ಕೈಬಿಡಬೇಕು.